ಸೌತೆ, ಕುಂಬಳ, ಕರಬೂಜ: ಬೆರಕೆಯ ಬಗೆ, ಬೀಜದ ಕಾಪು

ಸೌತೆ, ಕುಂಬಳ, ಸೋರೆ, ಹೀರೆ, ಹಾಗಲ, ಪಡವಲ, ಕಲ್ಲಂಗಡಿ, ಕರಬೂಜ ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕುಕುರ್ಬಿಟೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಟೊಮೆಟೊ, ಅಲಸಂದೆಗಳ ಹೂವು ಬಹುಮಟ್ಟಿಗೆ ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಹಾಗಾಗಿ ಅವುಗಳ ಬೀಜ ತೆಗೆದಿಟ್ಟರೆ ಮರುವರ್ಷವೂ ಹೆಚ್ಚುಕಡಿಮೆ ಅದೇ ಗಿಡ, ಅದೇ ಕಾಯಿ. ಬಳ್ಳಿ ತರಕಾರಿಗಳಲ್ಲಿ ಈ ಭರವಸೆ ಇಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಒಂದರ ಪರಾಗ ಇನ್ನೊಂದಕ್ಕೆ ತಲುಪಲು ಜೇನು, ದುಂಬಿ, ಪತಂಗಗಳೇ ಬೇಕು. ಆ ಜೇನು ಪಕ್ಕದ ಮನೆಯ ಬೇಲಿಯ ಬಳ್ಳಿಯನ್ನು ಮುಟ್ಟಿ ಬಂದಿದ್ದರೆ ಬೀಜದಲ್ಲಿ ಬೆರಕೆ ಆಗಬಹುದು. ಆದರೆ ಎಲ್ಲವೂ ಎಲ್ಲದರ ಜೊತೆ ಬೆರೆಯುವುದಿಲ್ಲ. ಯಾವುದು ಯಾವುದರೊಂದಿಗೆ ಬೆರೆಯುತ್ತದೆ ಎಂಬುದಕ್ಕೆ ಖಚಿತವಾದ ನಿಯಮಗಳಿವೆ. ಅವು ತಿಳಿದಿದ್ದರೆ ನಾಲ್ಕಾರು ಪಾತಿಯ ಹಿತ್ತಲಲ್ಲೂ ಶುದ್ಧ ಬೀಜ ಮಾಡಿಕೊಳ್ಳಲು ತೊಂದರೆಯಿಲ್ಲ.

ಮೊದಲು ಹೂವಿನ ವಿಚಾರ. ಕುಂಬಳದ ಬಳ್ಳಿ ಹೂ ಬಿಡಲು ತೊಡಗಿದಾಗ ಮೊದಮೊದಲು ಕಾಣುವುದು ಬರೀ ಗಂಡು ಹೂಗಳೇ. ನೀಳವಾದ ತೆಳ್ಳನೆಯ ತೊಟ್ಟು, ನಡುವೆ ಹಳದಿ ಪರಾಗ ಮೆತ್ತಿದ ಒಂದು ಕಡ್ಡಿ. ಬಳ್ಳಿ ಬರೀ ಹೂ ಬಿಟ್ಟು ಉದುರಿಸುತ್ತಿದೆ ಎಂದು ಹಲವರು ಕೊರಗುವುದು ಈ ಹಂತದಲ್ಲೇ. ಕೆಲವು ದಿನ ಕಳೆದ ಮೇಲೆ ಹೆಣ್ಣು ಹೂ ಬರುತ್ತದೆ. ಅದನ್ನು ಗುರುತಿಸಲು ಹೂ ಅರಳುವವರೆಗೆ ಕಾಯಬೇಕಿಲ್ಲ. ಮೊಗ್ಗಿನ ಬುಡದಲ್ಲೇ ಪುಟ್ಟ ಮಿಡಿ ಕೂತಿರುತ್ತದೆ. ಪರಾಗ ಸಾಕಷ್ಟು ಬಿದ್ದರೆ ಆ ಮಿಡಿ ಕಾಯಿಯಾಗುತ್ತದೆ, ಇಲ್ಲದಿದ್ದರೆ ಎರಡು ಮೂರು ದಿನದಲ್ಲಿ ಹಳದಿ ತಿರುಗಿ ಉದುರುತ್ತದೆ. ಗಂಡು ಹೂಗಳ ಸಂಖ್ಯೆ ಯಾವಾಗಲೂ ಹೆಣ್ಣಿಗಿಂತ ಎಷ್ಟೋ ಪಟ್ಟು ಹೆಚ್ಚು. ಬಿಸಿಲು ಏರಿದಂತೆ, ಹಗಲು ನೀಳವಾದಂತೆ ಗಂಡು ಹೂ ಇನ್ನೂ ಹೆಚ್ಚುತ್ತದೆ. ಕರಬೂಜದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸವಿದೆ: ಅದರ ಅನೇಕ ತಳಿಗಳಲ್ಲಿ ಗಂಡು ಹೂವಿನ ಜೊತೆಗೆ ಗಂಡು ಹೆಣ್ಣು ಎರಡೂ ಭಾಗ ಇರುವ ದ್ವಿಲಿಂಗಿ ಹೂ ಬರುತ್ತದೆ. ಹಾಗಿದ್ದರೂ ಅದರ ಪರಾಗ ತಾನಾಗಿ ಉದುರಿ ಪಕ್ಕದ ಶಲಾಕಾಗ್ರಕ್ಕೆ ಬೀಳುವುದಿಲ್ಲ. ಅಲ್ಲಿಯೂ ಜೇನು ಬರಲೇಬೇಕು.

ಮಡಹಾಗಲ ಮತ್ತು ತೊಂಡೆಯದು ಬೇರೆಯೇ ಕಥೆ. ಅವುಗಳಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ತೊಂಡೆಯನ್ನು ಬಳ್ಳಿಯ ತುಂಡು ನೆಟ್ಟು, ಮಡಹಾಗಲವನ್ನು ಹೆಚ್ಚಾಗಿ ಗೆಡ್ಡೆಯಿಂದ ಬೆಳೆಸುವುದರಿಂದ ಬೀಜದ ಬೆರಕೆಯ ಚಿಂತೆ ಅವಕ್ಕೆ ಅಷ್ಟಾಗಿ ಇಲ್ಲ.

ಈ ಕುಟುಂಬದ ಪರಾಗ ದಪ್ಪ ಕಣ, ಅಂಟು ಅಂಟು. ಜೋಳದ ಪರಾಗದಂತೆ ಗಾಳಿಯಲ್ಲಿ ತೇಲಿಹೋಗುವುದಿಲ್ಲ. ತುಡುವೆ, ಕೋಲುಜೇನು, ಹೆಜ್ಜೇನು, ನಸರಿ ಜೇನು, ಕಪ್ಪು ದುಂಬಿ ಇವೇ ಅದರ ವಾಹನ. ಜೇನ್ನೊಣ ಗೂಡಿನಿಂದ ಒಂದು ಕಿಲೋಮೀಟರನ್ನೂ ದಾಟಿ ಹೋಗಬಲ್ಲದು. ಆದ್ದರಿಂದ ಬೇಲಿಯಾಗಲಿ ಮನೆಯ ಗೋಡೆಯಾಗಲಿ ಅಡ್ಡಿಯಲ್ಲ. ಎಲ್ಲ ಬಳ್ಳಿಗಳ ಹೂ ಒಂದೇ ಹೊತ್ತಿಗೆ ಅರಳುವುದೂ ಇಲ್ಲ. ಕುಂಬಳ ನಸುಕಿಗೇ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಸೌತೆ, ಕರಬೂಜ, ಕಲ್ಲಂಗಡಿ, ಹಾಗಲ ಬೆಳಗಿನವು. ಸೋರೆಯ ಬಿಳಿ ಹೂ ಸಂಜೆ ಅರಳಿ ರಾತ್ರಿಯಿಡೀ ತೆರೆದಿರುತ್ತದೆ, ಅದಕ್ಕೆ ಪತಂಗಗಳು ಬರುತ್ತವೆ. ಪಡವಲದ ಜಾಲರಿ ಅಂಚಿನ ಬಿಳಿ ಹೂವೂ ಸಂಜೆಯದೇ. ಹೀರೆಕಾಯಿ ಸಂಜೆ ಅರಳಿದರೆ ಅದರ ಸಂಬಂಧಿ ತುಪ್ಪೀರೆ ಬೆಳಗ್ಗೆ ಅರಳುತ್ತದೆ. ಅವೆರಡೂ ಕೈಯಿಂದ ಪರಾಗ ಹಚ್ಚಿದರೆ ಬೆರೆಯಬಲ್ಲವಾದರೂ ಹಿತ್ತಲಲ್ಲಿ ಅಷ್ಟಾಗಿ ಬೆರೆಯದಿರಲು ಹೂವಿನ ಈ ಸಮಯವೂ ಒಂದು ಕಾರಣ.

ಬಹಳ ಕಡೆ ಕೇಳಿಬರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಬಿಡಿಸಬೇಕು. ಹಾಗಲದ ಪಕ್ಕ ಸೌತೆ ಹಾಕಿದರೆ ಸೌತೆ ಕಹಿಯಾಗುತ್ತದೆ, ಸೌತೆಯ ಪಕ್ಕ ಕರಬೂಜ ಹಾಕಿದರೆ ಕರಬೂಜ ಸಪ್ಪೆಯಾಗುತ್ತದೆ ಎಂಬ ಮಾತು ಅದು. ಎರಡೂ ನಿಜವಲ್ಲ. ಹಾಗಲದ ಪರಾಗ ಸೌತೆಯಲ್ಲಿ ಬೀಜ ಕಟ್ಟಲಾರದು, ಸೌತೆಯ ಪರಾಗ ಕರಬೂಜದಲ್ಲಿ ಕಟ್ಟಲಾರದು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ಕಾಯಿಯ ಸಿಪ್ಪೆ, ತಿರುಳು ಎಲ್ಲವೂ ಹೆಣ್ಣು ಹೂವಿನ ಅಂಡಾಶಯದಿಂದ ಬೆಳೆದವು, ಅಂದರೆ ಪೂರ್ತಿಯಾಗಿ ತಾಯಿ ಬಳ್ಳಿಯವು. ಬಂದು ಬಿದ್ದ ಪರಾಗದ ಪಾಲು ಇರುವುದು ಬೀಜದೊಳಗಿನ ಭ್ರೂಣದಲ್ಲಿ ಮಾತ್ರ. ಹಾಗಾಗಿ ಬೆರಕೆ ಆಗಿದ್ದರೂ ಈ ವರ್ಷದ ಕಾಯಿಯ ರುಚಿ, ಬಣ್ಣ, ಆಕಾರ ಬದಲಾಗುವುದಿಲ್ಲ. ಆ ಬೀಜವನ್ನು ಬಿತ್ತಿ ಬಂದ ಮುಂದಿನ ವರ್ಷದ ಬಳ್ಳಿಯಲ್ಲಿ ಅದು ಹೊರಬೀಳುತ್ತದೆ. ಸೌತೆ ಒಮ್ಮೊಮ್ಮೆ ಕಹಿಯಾಗುವುದಕ್ಕೆ ನೀರಿನ ಕೊರತೆ, ಬಿಸಿಲಿನ ಧಗೆ ಮತ್ತು ಆ ತಳಿಯ ಸ್ವಂತ ಗುಣ ಕಾರಣ. ಕರಬೂಜ ಸಪ್ಪೆಯಾಗುವುದಕ್ಕೆ ಬೇಗ ಕೊಯ್ಯುವುದು, ಹಣ್ಣಾಗುವ ಹೊತ್ತಿಗೆ ಹೆಚ್ಚು ನೀರು ಕೊಡುವುದು, ರೋಗದಿಂದ ಎಲೆ ಒಣಗುವುದು ಕಾರಣ. ಯಾರದೋ ಬೇಲಿಯ ಬಳ್ಳಿಯ ಮೇಲೆ ತಪ್ಪು ಹೊರಿಸಬೇಕಿಲ್ಲ.

ಹಾಗಾದರೆ ಬೆರಕೆ ಆಗುವುದು ಯಾವುದಕ್ಕೆ ಯಾವುದರ ಜೊತೆ? ಒಂದೇ ಪ್ರಭೇದದ ತಳಿಗಳು ಪರಸ್ಪರ ಸಲೀಸಾಗಿ ಬೆರೆಯುತ್ತವೆ, ಬೇರೆ ಬೇರೆ ಪ್ರಭೇದಗಳು ಸಾಮಾನ್ಯವಾಗಿ ಬೆರೆಯುವುದಿಲ್ಲ. ಇಷ್ಟೇ ನಿಯಮ. ತೊಡಕು ಇರುವುದು ಕಾಯಿ ನೋಡಿ ಪ್ರಭೇದ ಹೇಳಲು ಆಗದೆ ಇರುವುದರಲ್ಲಿ. 19ನೇ ಶತಮಾನದ ನಡುವಿನವರೆಗೂ ಯುರೋಪಿನ ಸಸ್ಯಶಾಸ್ತ್ರಜ್ಞರೇ ಈ ವಿಷಯದಲ್ಲಿ ಗೊಂದಲದಲ್ಲಿದ್ದರು. ಫ್ರಾನ್ಸಿನ ಶಾರ್ಲ್ ನೋದ್ಯಾಂ 1850ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ನಾನಾ ದೇಶದ ಕುಂಬಳ, ಕರಬೂಜಗಳನ್ನು ಒಟ್ಟಿಗೆ ಬೆಳೆಸಿ, ಕೈಯಿಂದ ಪರಾಗ ಹಚ್ಚಿ ಪರೀಕ್ಷಿಸಿದರು. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಕಾಯಿಗಳು ಸುಲಭವಾಗಿ ಬೆರೆತವು, ಅಣ್ಣತಮ್ಮಂದಿರಂತೆ ಕಾಣುವ ಕಾಯಿಗಳು ಬೆರೆಯಲಿಲ್ಲ. 1859ರಲ್ಲಿ ಅವರು ಕರಬೂಜದ ನೂರಾರು ರೂಪಗಳನ್ನು ಒಂದೇ ಪ್ರಭೇದದ ಹತ್ತು ಗುಂಪುಗಳಾಗಿ ವಿಂಗಡಿಸಿದರು. ಇಂದಿನ ವಿಂಗಡಣೆಗೂ ಅದೇ ತಳಹದಿ.

ಕರ್ನಾಟಕದ ಹಿತ್ತಲಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಕರಾವಳಿಯಲ್ಲಿ ಬರೀ ಸೌತೆಕಾಯಿ ಎಂದರೆ ಹುಳಿ, ಸಾಂಬಾರಿಗೆ ಹಾಕುವ ದಪ್ಪ ಕಾಯಿ. ಉಳಿದ ಕಡೆ ಅದನ್ನು ಮಂಗಳೂರು ಸೌತೆ, ಬಣ್ಣದ ಸೌತೆ ಎನ್ನುತ್ತಾರೆ. ಹಸಿಯಾಗಿ ತಿನ್ನುವ ಸೌತೆಗೆ ಅಲ್ಲಿ ಮುಳ್ಳುಸೌತೆ ಎಂದು ಹೆಸರು. ಎರಡಕ್ಕೂ ಸೌತೆ ಎಂದೇ ಕರೆದರೂ ಅವು ಬೇರೆ ಪ್ರಭೇದಗಳು. ಮುಳ್ಳುಸೌತೆ ಕುಕುಮಿಸ್ ಸಟೈವಸ್, ಅದಕ್ಕೆ 7 ಜೊತೆ ವರ್ಣತಂತುಗಳು. ಮಂಗಳೂರು ಸೌತೆ ಕುಕುಮಿಸ್ ಮೆಲೊ, ಅದಕ್ಕೆ 12 ಜೊತೆ. ಇವೆರಡನ್ನು ಒಂದೇ ಚಪ್ಪರಕ್ಕೆ ಹಬ್ಬಿಸಿದರೂ ಬೆರಕೆ ಆಗುವುದಿಲ್ಲ. ಆದರೆ ಮಂಗಳೂರು ಸೌತೆ, ಬೆಲ್ಲ ಹಾಕಿ ರಸಾಯನ ಮಾಡುವ ಇಬ್ಬುಡ್ಲು ಅಥವಾ ಕೆಕ್ಕರಿಕೆ, ನದಿ ಪಾತ್ರದ ಮರಳಿನಲ್ಲಿ ಬೆಳೆಯುವ ಕರಬೂಜ ಈ ಮೂರೂ ಒಂದೇ ಕುಕುಮಿಸ್ ಮೆಲೊ. ಒಂದು ಹಿಟ್ಟಿನಂತೆ ಒಡೆಯುವ ಹಣ್ಣು, ಒಂದು ಜಾಲರಿ ಸಿಪ್ಪೆಯ ಸಿಹಿ ಹಣ್ಣು, ಇನ್ನೊಂದು ತಿಂಗಳುಗಟ್ಟಲೆ ಕೆಡದೆ ನಿಲ್ಲುವ ತರಕಾರಿ. ಆದರೂ ಜೇನಿಗೆ ಮೂರೂ ಒಂದೇ, ಪರಾಗಕ್ಕೂ ಒಂದೇ. ಕರಬೂಜದ ಪಕ್ಕ ಬೆಳೆದ ಮಂಗಳೂರು ಸೌತೆಯ ಬೀಜ ಬಿತ್ತಿದರೆ ಸಾಂಬಾರಿನಲ್ಲಿ ಕರಗಿಹೋಗುವ, ನೇತುಹಾಕಿದರೆ ವಾರದಲ್ಲಿ ಕೊಳೆಯುವ ಕಾಯಿ ಬಂದೀತು. ಆಂಧ್ರ, ತೆಲಂಗಾಣದ ದೋಸಕಾಯ, ಕೇರಳದ ಕಣಿ ವೆಳ್ಳರಿ ಕೂಡ ಇದೇ ಪ್ರಭೇದದವು.

ಈ ವೈವಿಧ್ಯ ಇಲ್ಲಿರುವುದಕ್ಕೆ ಕಾರಣವಿದೆ. ಮುಳ್ಳುಸೌತೆ ಭಾರತದಲ್ಲೇ ಪಳಗಿದ ಬೆಳೆ. ಅದರ ಕಾಡು ರೂಪ ಹಿಮಾಲಯದ ತಪ್ಪಲಲ್ಲಿ ಇಂದಿಗೂ ಬೆಳೆಯುತ್ತದೆ. ಕುಕುಮಿಸ್ ಮೆಲೊ ಏಷ್ಯಾದಲ್ಲಿ ಒಮ್ಮೆ, ಆಫ್ರಿಕಾದಲ್ಲಿ ಒಮ್ಮೆ ಬೇರೆ ಬೇರೆಯಾಗಿಯೇ ಪಳಗಿತು ಎಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕರಬೂಜ ಬೆಳೆಯನ್ನು ಬೂದಿ ರೋಗ ಹಾಳುಗೆಡವಿದಾಗ ಅದನ್ನು ತಡೆಯುವ ಗುಣ ಸಿಕ್ಕಿದ್ದು ಭಾರತದಿಂದ ಹೋದ ಒಂದು ಬೀಜದಲ್ಲಿ. ಆ ಗುಣವನ್ನು ಕೂಡಿಸಿ ಮಾಡಿದ ತಳಿ ಅಲ್ಲಿನ ರೈತರನ್ನು ಉಳಿಸಿತು. ಸಸ್ಯಹೇನನ್ನು, ಅದು ಹರಡುವ ನಂಜುರೋಗವನ್ನು ತಡೆಯುವ ಗುಣಗಳನ್ನು ಹುಡುಕುವವರು ಇಂದಿಗೂ ಭಾರತದ ಕೆಕ್ಕರಿಕೆಯ ಕಡೆಗೆ ತಿರುಗುತ್ತಾರೆ. ಇಲ್ಲಿನ ಯಾವುದೋ ಹಿತ್ತಲಲ್ಲಿ ಉಳಿದಿರುವ ಬೀಜಕ್ಕೆ ಎಷ್ಟು ಬೆಲೆಯಿದೆ ಎಂಬುದು ಇದರಿಂದ ತಿಳಿಯುತ್ತದೆ.

ಕುಂಬಳದಲ್ಲೂ ಹೆಸರು ದಾರಿ ತಪ್ಪಿಸುತ್ತದೆ. ಬೂದುಗುಂಬಳ ಏಷ್ಯಾದ ಬೆಳೆ, ಬೆನಿನ್‌ಕಾಸಾ ಎಂಬ ಬೇರೆಯೇ ಕುಲ. ಸಿಹಿಗುಂಬಳ ಅಮೆರಿಕ ಖಂಡದಿಂದ ಬಂದ ಕುಕುರ್ಬಿಟಾ ಕುಲದ್ದು. ಮೆಕ್ಸಿಕೋದ ವಾಹಾಕಾ ಪ್ರಾಂತ್ಯದ ಗುಹೆಯೊಂದರಲ್ಲಿ ಸುಮಾರು 10,000 ವರ್ಷ ಹಳೆಯ ಕುಕುರ್ಬಿಟಾ ಬೀಜಗಳು ದೊರೆತಿವೆ. ಆ ಖಂಡದಲ್ಲಿ ಮನುಷ್ಯ ಪಳಗಿಸಿದ ಮೊದಲ ಬೆಳೆಗಳಲ್ಲಿ ಇದೂ ಒಂದು. ಬೂದುಗುಂಬಳ ಮತ್ತು ಸಿಹಿಗುಂಬಳ ಅಕ್ಕಪಕ್ಕ ಇದ್ದರೂ ಬೆರೆಯುವುದಿಲ್ಲ. ಸಿಹಿಗುಂಬಳ ಎಂಬ ಒಂದೇ ಹೆಸರಿನಡಿ ಎರಡು ಪ್ರಭೇದಗಳಿರುವುದು ಹೆಚ್ಚಿನವರಿಗೆ ತಿಳಿದಿಲ್ಲ: ಕುಕುರ್ಬಿಟಾ ಮಾಸ್ಕಾಟಾ ಮತ್ತು ಕುಕುರ್ಬಿಟಾ ಮ್ಯಾಕ್ಸಿಮಾ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಚಂದನ್ ಮೊದಲನೆಯದಕ್ಕೆ ಸೇರಿದರೆ, ಕಿತ್ತಳೆ ಬಣ್ಣದ ಪುಟ್ಟ ಅರ್ಕಾ ಸೂರ್ಯಮುಖಿ ಎರಡನೆಯದಕ್ಕೆ ಸೇರಿದೆ. ಮೂರನೆಯದು ಕುಕುರ್ಬಿಟಾ ಪೆಪೊ. ಪೇಟೆಯ ಅಂಗಡಿಗಳಲ್ಲಿ ಈಚೆಗೆ ಕಾಣುವ ಜುಕಿನಿ ಆ ಪ್ರಭೇದದ್ದು. ಈ ಮೂರಕ್ಕೂ 20 ಜೊತೆ ವರ್ಣತಂತುಗಳೇ ಇದ್ದರೂ ಅವು ತಮ್ಮತಮ್ಮಲ್ಲಿ ಬೆರೆಯುವುದು ಅಪರೂಪ, ಬೆರೆತರೂ ಹುಟ್ಟಿದ ಬಳ್ಳಿ ಬಹುಪಾಲು ಬಂಜೆ. ಆದ್ದರಿಂದ ಒಂದು ಮಾಸ್ಕಾಟಾ, ಒಂದು ಮ್ಯಾಕ್ಸಿಮಾ, ಒಂದು ಪೆಪೊ ಹೀಗೆ ಮೂರು ಬಗೆಯನ್ನು ಒಂದೇ ಹಿತ್ತಲಲ್ಲಿ ಬೆಳೆದು ಮೂರರ ಬೀಜವನ್ನೂ ಇಟ್ಟುಕೊಳ್ಳಬಹುದು.

ಗುರುತು ಹಿಡಿಯುವ ದಾರಿ ಕಾಯಿಯ ತೊಟ್ಟಿನಲ್ಲಿದೆ. ಮಾಸ್ಕಾಟಾದ ತೊಟ್ಟು ಗಟ್ಟಿ, ಐದು ಏಣು, ಕಾಯಿಗೆ ಸೇರುವಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಎಲೆಯ ಮೇಲೆ ಹಲವು ಬಾರಿ ಬೆಳ್ಳಗಿನ ಮಚ್ಚೆಗಳು. ಮ್ಯಾಕ್ಸಿಮಾದ ತೊಟ್ಟು ದುಂಡಗೆ, ಬೆಂಡಿನಂತೆ ಮೆತ್ತಗೆ, ಏಣುಗಳಿಲ್ಲ, ಎಲೆಯೂ ದುಂಡು. ಪೆಪೊದ ತೊಟ್ಟಿಗೆ ಏಣುಗಳಿದ್ದರೂ ಬುಡದಲ್ಲಿ ಹರಡುವುದಿಲ್ಲ. ಅದರ ಎಲೆ, ಕಾಂಡ ಮುಟ್ಟಿದರೆ ಚುಚ್ಚುತ್ತವೆ. ಸಂತೆಯಲ್ಲಿ ಕಾಯಿ ಕೊಂಡು ಅದರ ಬೀಜ ಹಾಕುವವರು ತೊಟ್ಟು ಉಳಿದಿರುವ ಕಾಯಿಯನ್ನೇ ಆರಿಸಿಕೊಂಡರೆ ಪ್ರಭೇದ ಯಾವುದೆಂದು ಮನೆಯಲ್ಲೇ ತಿಳಿಯುತ್ತದೆ.

ಉಳಿದವುಗಳ ಲೆಕ್ಕ ಸುಲಭ. ಸೋರೆಯ ಉದ್ದ ತಳಿ, ದುಂಡು ತಳಿ, ತಂಬೂರಿ ಬುರುಡೆಗೆ ಬಳಸುವ ತಳಿ ಎಲ್ಲ ಒಂದೇ ಪ್ರಭೇದ, ಬೆರೆಯುತ್ತವೆ. ಹಾಗಲದ ಹಸಿರು ಮತ್ತು ಬಿಳಿ, ಗಿಡ್ಡ ಮತ್ತು ಉದ್ದ ತಳಿಗಳೂ ಹಾಗೆಯೇ. ಕಲ್ಲಂಗಡಿಯ ಎಲ್ಲ ತಳಿಗಳು ತಮ್ಮತಮ್ಮಲ್ಲಿ ಬೆರೆಯುತ್ತವೆ, ಕರಬೂಜದೊಂದಿಗಲ್ಲ. ವಿದೇಶಕ್ಕೆ ರಫ್ತಾಗುವ ಉಪ್ಪಿನಕಾಯಿಗಾಗಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಬೆಳೆಯುವ ಮಿಡಿಸೌತೆ ಮುಳ್ಳುಸೌತೆಯ ಪ್ರಭೇದವೇ ಆದ್ದರಿಂದ, ಅದರ ಹೊಲದ ಪಕ್ಕ ನಾಟಿ ಸೌತೆಯ ಬೀಜ ಇಡುವವರು ಎಚ್ಚರ ವಹಿಸಬೇಕು. ಸೀಮೆಬದನೆಯದು ವಿಶೇಷ: ಕಾಯಿಗೆ ಒಂದೇ ಬೀಜ, ಅದನ್ನು ಬೇರ್ಪಡಿಸದೆ ಇಡೀ ಕಾಯಿಯನ್ನೇ ನೆಡಬೇಕು.

ಬೆರಕೆ ಎಂದರೆ ರುಚಿ ಕೆಡುವುದಷ್ಟೇ ಅಲ್ಲ, ಕೆಲವೊಮ್ಮೆ ಅಪಾಯವೂ ಹೌದು. ಈ ಕುಟುಂಬದ ಕಾಡು ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಅತಿ ಕಹಿಯಾದ ವಿಷವಸ್ತು ಇರುತ್ತದೆ. ಮನುಷ್ಯ ಸಾವಿರಾರು ವರ್ಷ ಆರಿಸಿ ಆರಿಸಿ ಬೆಳೆದು ಅದನ್ನು ಹಿತ್ತಲ ತಳಿಗಳಿಂದ ಕಳೆದಿದ್ದಾನೆ. ಆದರೆ ಕಹಿ ಸಾಮಾನ್ಯವಾಗಿ ಪ್ರಬಲ ಗುಣ. ಕಾಡು ಬಳ್ಳಿಯ ಪರಾಗ ಬಿದ್ದ ಬೀಜದಿಂದ ಬಂದ ಮೊದಲ ತಲೆಮಾರಿನಲ್ಲೇ ಅದು ಮರಳಿ ಬರಬಹುದು. ಉತ್ತರ ಕರ್ನಾಟಕದ ಎರೆ ಹೊಲಗಳ ಬದುವಿನಲ್ಲಿ ತಾನಾಗಿ ಹಬ್ಬುವ ಸಣ್ಣ ಕಾಯಿಯ ಕಾಡು ಮೆಕ್ಕೆ ಕರಬೂಜದ ಪ್ರಭೇದವೇ, ಅದರೊಂದಿಗೆ ಬೆರೆಯುತ್ತದೆ. 2015ರಲ್ಲಿ ಜರ್ಮನಿಯ ಹೈಡನ್‌ಹೈಮ್‌ನಲ್ಲಿ ಮನೆಯ ಹಿತ್ತಲಲ್ಲಿ ಬೆಳೆದ ಕಹಿ ಜುಕಿನಿ ತಿಂದ ವೃದ್ಧರೊಬ್ಬರು ತೀರಿಕೊಂಡರು. ಜುಕಿನಿ ಮತ್ತು ಅಲಂಕಾರಕ್ಕೆ ಬೆಳೆಯುವ ಕಹಿ ಕಾಯಿಗಳು ಒಂದೇ ಪ್ರಭೇದ. ಅವುಗಳ ಬಳಿ ಬೆಳೆದ ಜುಕಿನಿಯ ಬೀಜ ಇಡಬಾರದೆಂಬ ಎಚ್ಚರಿಕೆ ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಭಾರತದಲ್ಲಿ ಕಹಿ ಸೋರೆಯ ರಸ ಕುಡಿದು ಜನ ಆಸ್ಪತ್ರೆ ಸೇರಿದ, ಸತ್ತ ಪ್ರಕರಣಗಳು ನಡೆದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ನೇಮಿಸಿತು. ರಸ ತೆಗೆಯುವ ಮೊದಲು ಒಂದು ಚೂರು ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು ಎಂದು ಆ ಸಮಿತಿ ಹೇಳಿತು. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಹಾಗಲದ ಕಹಿಯದು ಬೇರೆ ಮಾತು, ಅದು ಊಟಕ್ಕೆ ಒಗ್ಗಿದ ಕಹಿ. ಸೋರೆ, ಸೌತೆ, ಹೀರೆ, ಕುಂಬಳಗಳಲ್ಲಿ ಕಹಿ ಕಂಡರೆ ಕಾಯಿಯನ್ನು ತಿನ್ನಬಾರದು, ಆ ಬಳ್ಳಿಯ ಬೀಜವನ್ನೂ ಇಡಬಾರದು.

ಶುದ್ಧ ಬೀಜಕ್ಕೆ ಮೂರು ದಾರಿಗಳಿವೆ. ಮೊದಲನೆಯದು ದೂರ. ಭಾರತದ ಬೀಜ ಪ್ರಮಾಣೀಕರಣದ ನಿಯಮಗಳಲ್ಲಿ ಈ ಬೆಳೆಗಳಿಗೆ ಒಂದೇ ಪ್ರಭೇದದ ಎರಡು ತಳಿಗಳ ನಡುವೆ ಮೂಲ ಬೀಜಕ್ಕಾದರೆ 1,000 ಮೀಟರ್, ಪ್ರಮಾಣಿತ ಬೀಜಕ್ಕಾದರೆ 500 ಮೀಟರ್ ಅಂತರ ಹೇಳಿದೆ. ಹಳ್ಳಿಯ ಒಂಟಿ ಮನೆಗೆ ಇದು ಸಾಧ್ಯ, ಊರೊಳಗಿನ ಹಿತ್ತಲಿಗೆ ಸಾಧ್ಯವಿಲ್ಲ. ಎರಡನೆಯದು ಕಾಲ. ಒಂದು ತಳಿಯನ್ನು ಮುಂಗಾರಿಗೆ, ಇನ್ನೊಂದನ್ನು ಬೇಸಿಗೆಗೆ ಹಾಕಿದರೆ ಅವುಗಳ ಹೂವು ಎದುರಾಗುವುದೇ ಇಲ್ಲ. ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯಬಹುದಾದ ನಮ್ಮ ಹವೆಗೆ ಇದು ತುಂಬ ಹೊಂದುವ ದಾರಿ. ಅಕ್ಕಪಕ್ಕದ ಮನೆಯವರು ಮಾತಾಡಿಕೊಂಡು ಆ ವರ್ಷ ಒಂದೇ ತಳಿ ಹಾಕಿದರೆ ಇನ್ನೂ ಒಳ್ಳೆಯದು.

ಮೂರನೆಯದು ಕೈಯಿಂದ ಪರಾಗಸ್ಪರ್ಶ ಮಾಡುವುದು. ಜಾಗ ಎಷ್ಟೇ ಇಕ್ಕಟ್ಟಿದ್ದರೂ ಇದು ನಡೆಯುತ್ತದೆ, ಖಚಿತವೂ ಹೌದು. ಸಿಹಿಗುಂಬಳದಲ್ಲಿ ಹೂ ದೊಡ್ಡದಾದ್ದರಿಂದ ಕಲಿಯಲು ಅದೇ ಸರಿ. ಹಿಂದಿನ ದಿನ ಸಂಜೆ ಬಳ್ಳಿಯನ್ನು ಸುತ್ತಿ ನೋಡಿ ಮರುದಿನ ಅರಳಲಿರುವ ಮೊಗ್ಗುಗಳನ್ನು ಗುರುತಿಸಬೇಕು. ಅಂಥ ಮೊಗ್ಗಿನ ಹಸಿರು ಹೋಗಿ ತುದಿ ಹಳದಿಗೆ ತಿರುಗಿರುತ್ತದೆ, ಆದರೆ ದಳಗಳು ಇನ್ನೂ ಬಿಚ್ಚಿರುವುದಿಲ್ಲ. ಒಂದು ಹೆಣ್ಣು ಮೊಗ್ಗು, ಬೇರೆ ಬೇರೆ ಬಳ್ಳಿಯ ಎರಡು ಮೂರು ಗಂಡು ಮೊಗ್ಗು ಆರಿಸಿ, ತುದಿ ಬಿಚ್ಚಿಕೊಳ್ಳದಂತೆ ದಾರದಿಂದ ಮೆತ್ತಗೆ ಕಟ್ಟಬೇಕು. ಬೆಳಗ್ಗೆ ಬಿಸಿಲೇರುವ ಮುನ್ನ ಗಂಡು ಹೂಗಳನ್ನು ತೊಟ್ಟು ಸಮೇತ ಕಿತ್ತು, ದಳಗಳನ್ನು ಹರಿದು ತೆಗೆದರೆ ಪರಾಗ ತುಂಬಿದ ಕಡ್ಡಿ ಮಾತ್ರ ಕೈಯಲ್ಲಿ ಉಳಿಯುತ್ತದೆ. ಹೆಣ್ಣು ಹೂವಿನ ದಾರ ಬಿಚ್ಚಿದಾಗ ಅದು ಕಣ್ಣೆದುರೇ ಅರಳುತ್ತದೆ. ನಡುವಿನ ಶಲಾಕಾಗ್ರದ ಎಲ್ಲ ಹಾಲೆಗಳಿಗೂ ಹಳದಿ ಪುಡಿ ಹತ್ತುವಂತೆ ಆ ಕಡ್ಡಿಗಳನ್ನು ಒಂದರ ಮೇಲೊಂದು ಸವರಬೇಕು. ಅಷ್ಟರಲ್ಲಿ ಜೇನು ಬಂದು ಒಳಗೆ ಕೂತರೆ ಆ ಹೂ ಕೆಟ್ಟಂತೆಯೇ; ಅದನ್ನು ಬಿಟ್ಟು ಬೇರೆಯದಕ್ಕೆ ಹೋಗಬೇಕು. ಸವರಿ ಮುಗಿದ ಕೂಡಲೇ ದಳಗಳನ್ನು ಮತ್ತೆ ಮುಚ್ಚಿ ಕಟ್ಟಿ, ಮಿಡಿಯ ತೊಟ್ಟಿಗೆ ಬಣ್ಣದ ನೂಲು ಸಡಿಲವಾಗಿ ಕಟ್ಟಿಡಬೇಕು. ತಿಂಗಳು ಕಳೆದ ಮೇಲೆ ಬೀಜದ ಕಾಯಿ ಯಾವುದು, ಸಾರಿನ ಕಾಯಿ ಯಾವುದು ಎಂದು ಹೇಳುವುದು ಆ ನೂಲೇ.

ಸೋರೆ, ಹೀರೆಗಳಿಗೆ ಇದೇ ಕೆಲಸವನ್ನು ಸಂಜೆ ಮಾಡಬೇಕು. ಕಟ್ಟುವುದು ಅದೇ ದಿನ ಮಧ್ಯಾಹ್ನ. ಸೌತೆ, ಕರಬೂಜ, ಕಲ್ಲಂಗಡಿಯ ಹೂಗಳು ಸಣ್ಣವು, ಹೆಚ್ಚು ಜೋಪಾನ ಬೇಕು. ಕರಬೂಜದಲ್ಲಿ ಪರಾಗ ಹಚ್ಚಿದ ಹೂಗಳಲ್ಲಿ ಬಹಳಷ್ಟು ಉದುರಿಹೋಗುವುದು ಸಹಜ, ಅದಕ್ಕೆ ಎದೆಗುಂದದೆ ಹಲವು ಹೂಗಳಿಗೆ ಹಚ್ಚಬೇಕು. ಬಳ್ಳಿಯಲ್ಲಿ ಆಗಲೇ ಬೇರೆ ಕಾಯಿಗಳು ನಿಂತಿದ್ದರೆ ಹೊಸ ಮಿಡಿ ನಿಲ್ಲುವುದು ಕಷ್ಟ. ಮೊದಲ ಹೆಣ್ಣು ಹೂಗಳನ್ನೇ ಬೀಜಕ್ಕೆ ಬಿಡುವುದು ಜಾಣತನ.

ಒಂದೇ ಬಳ್ಳಿಯ ಬೀಜ ನೆಚ್ಚಿಕೊಳ್ಳಬಾರದು. ಈ ಕುಟುಂಬ ಒಳಸಂಬಂಧವನ್ನು ಜೋಳದಂಥ ಬೆಳೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ ನಿಜ. ಆದರೂ ಕನಿಷ್ಠ ಐದಾರು ಬಳ್ಳಿಗಳಿಂದ ಬೀಜ ತೆಗೆದು ಬೆರೆಸಿಟ್ಟರೆ ತಳಿಯೊಳಗಿನ ಸಣ್ಣಪುಟ್ಟ ವೈವಿಧ್ಯ, ರೋಗ ತಾಳುವ ಶಕ್ತಿ ಉಳಿಯುತ್ತದೆ. ಆಯ್ಕೆ ಮಾಡುವಾಗ ಬರೀ ದೊಡ್ಡ ಕಾಯಿಯನ್ನು ನೋಡಿದರೆ ಸಾಲದು. ರೋಗ ಬಂದಾಗ ತಾಳಿದ, ಬೇಗ ಕಾಯಿ ಬಿಟ್ಟ, ಕೊನೆಯವರೆಗೂ ಎಲೆ ಹಸಿರಾಗಿದ್ದ ಬಳ್ಳಿಯನ್ನು ನೋಡಬೇಕು. ತಳಿಯ ಗುಣಕ್ಕೆ ಹೊಂದದ ಕಾಯಿ ಬಿಟ್ಟ ಬಳ್ಳಿಯನ್ನು ಕಂಡ ದಿನವೇ ಬುಡಸಮೇತ ಕಿತ್ತುಹಾಕಬೇಕು, ಏಕೆಂದರೆ ಅದರ ಗಂಡು ಹೂಗಳು ಉಳಿದ ಬಳ್ಳಿಗಳನ್ನೂ ಕೆಡಿಸುತ್ತವೆ.

ಅಡುಗೆಗೆ ಕೊಯ್ಯುವ ಹದ ಬೇರೆ, ಬೀಜದ ಹದ ಬೇರೆ. ಎಳೆಯದಾಗಿ ತಿನ್ನುವ ಸೌತೆ, ಸೋರೆ, ಹೀರೆಗಳಲ್ಲಿ ಆ ಹಂತಕ್ಕೆ ಬೀಜ ಬಲಿತಿರುವುದೇ ಇಲ್ಲ. ಮುಳ್ಳುಸೌತೆ ಹಳದಿಯೋ ಕಂದೋ ಆಗಿ ಮೆತ್ತಗಾಗುವವರೆಗೆ ಬಳ್ಳಿಯಲ್ಲೇ ಇರಬೇಕು. ಸೋರೆಯ ಸಿಪ್ಪೆ ಕಟ್ಟಿಗೆಯಂತೆ ಗಟ್ಟಿಯಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಹೀರೆ ಬಳ್ಳಿಯಲ್ಲೇ ಒಣಗಿ ನಾರಾಗುತ್ತದೆ. ತುದಿಯ ಮುಚ್ಚಳ ಉದುರಿದರೆ ತಲೆಕೆಳಗೆ ಹಿಡಿದು ಕೊಡವಿದಾಗ ಕಪ್ಪು ಬೀಜಗಳು ಬೀಳುತ್ತವೆ. ಹಾಗಲ ಕಿತ್ತಳೆ ಬಣ್ಣಕ್ಕೆ ತಿರುಗಿ ಸೀಳುವ ಮುನ್ನ ಕೊಯ್ಯಬೇಕು, ತಡವಾದರೆ ಕೆಂಪು ತಿರುಳಿನ ಆಸೆಗೆ ಹಕ್ಕಿಗಳು ಬೀಜ ಒಯ್ಯುತ್ತವೆ. ಕುಂಬಳವನ್ನು ಪೂರ್ತಿ ಬಲಿತ ಮೇಲೆ ಕೊಯ್ದು ಮೂರು ನಾಲ್ಕು ವಾರ ಹಾಗೆಯೇ ಇಟ್ಟರೆ ಬೀಜ ಒಳಗೇ ಇನ್ನಷ್ಟು ತುಂಬಿಕೊಳ್ಳುತ್ತದೆ. ಕರಾವಳಿಯ ಮನೆಗಳಲ್ಲಿ ಬಲಿತ ಸೌತೆಗಳನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಅಡ್ಡಕ್ಕೆ ನೇತುಹಾಕುವ ರೂಢಿ ಊಟಕ್ಕೂ ಬೀಜಕ್ಕೂ ಒಟ್ಟಿಗೆ ಒದಗುತ್ತದೆ: ಮಳೆಗಾಲದುದ್ದಕ್ಕೂ ಸಾಂಬಾರಿಗೆ ಕಾಯಿ, ಕೊನೆಯವರೆಗೆ ಕೆಡದೆ ಉಳಿದ ಕಾಯಿಯಿಂದ ಬೀಜ. ಹೀಗೆ ವರ್ಷವರ್ಷವೂ ತಾಳಿಕೆಯ ಗುಣವೇ ಆಯ್ಕೆಯಾಗುತ್ತ ಬಂದಿದೆ.

ಸೌತೆ, ಕರಬೂಜಗಳ ಬೀಜಕ್ಕೆ ಲೋಳೆ ಅಂಟಿರುತ್ತದೆ. ತಿರುಳು ಸಮೇತ ಪಾತ್ರೆಗೆ ಹಾಕಿ, ಬೇಕಿದ್ದರೆ ಸ್ವಲ್ಪ ನೀರು ಸೇರಿಸಿ ಒಂದೆರಡು ದಿನ ಹುಳಿಯಲು ಬಿಟ್ಟರೆ ಲೋಳೆ ಬಿಡುತ್ತದೆ. ಹೆಚ್ಚು ದಿನ ಬಿಟ್ಟರೆ ಬೀಜ ಮೊಳೆಯಲು ತೊಡಗುತ್ತದೆ. ಆಮೇಲೆ ತೊಳೆದಾಗ ಗಟ್ಟಿ ಬೀಜ ತಳಕ್ಕೆ ಕೂರುತ್ತದೆ, ಜೊಳ್ಳು ತೇಲುತ್ತದೆ. ಕುಂಬಳದಲ್ಲಿ ಮಾತ್ರ ಒಳ್ಳೆಯ ಬೀಜವೂ ತೇಲಬಹುದು. ಅಲ್ಲಿ ಬೆರಳಿನಿಂದ ಒತ್ತಿ ತುಂಬಿದೆಯೇ ನೋಡುವುದು ಮೇಲು. ಬೀಜಕ್ಕೆ ಒಲೆಯ ಬೂದಿ ಹಚ್ಚಿ ಉಜ್ಜುವುದು, ಸಗಣಿಯ ಜೊತೆ ಗೋಡೆಗೆ ಅಂಟಿಸಿ ಒಣಗಿಸುವುದು ಹಳ್ಳಿಗಳ ಹಳೆಯ ಪದ್ಧತಿ. ಬೂದಿ ತೇವವನ್ನು ಹೀರುತ್ತದೆ, ಹುಳವನ್ನೂ ದೂರ ಇಡುತ್ತದೆ.

ಒಣಗಿಸುವಾಗ ನಡುಹಗಲ ಸುಡುಬಿಸಿಲು ಬೇಡ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಹರಡಿ ದಿನಕ್ಕೆರಡು ಬಾರಿ ಕೈಯಾಡಿಸಬೇಕು. ಬಗ್ಗಿಸಿದರೆ ಬಾಗದೆ ಪಟ್ಟನೆ ಮುರಿದರೆ ಸಾಕಷ್ಟು ಒಣಗಿದೆ ಎಂದರ್ಥ. ಪ್ರಮಾಣಿತ ಬೀಜದಲ್ಲಿ ತೇವಾಂಶ ಶೇ 7ಕ್ಕಿಂತ ಹೆಚ್ಚಿರಬಾರದು ಎಂಬುದು ನಿಯಮ. ಬೀಜವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟ ಸರಳ ಲೆಕ್ಕದಂತೆ ತೇವಾಂಶ ಶೇ 1ರಷ್ಟು ಇಳಿದರೆ, ಅಥವಾ ಇಡುವ ಜಾಗದ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದರೆ, ಬೀಜದ ಆಯುಷ್ಯ ಇಮ್ಮಡಿಯಾಗುತ್ತದೆ. ಚೆನ್ನಾಗಿ ಒಣಗಿದ ಬೀಜವನ್ನು ಗಾಳಿಯಾಡದ ಗಾಜಿನ ಸೀಸೆಯಲ್ಲಿ, ಮೇಲೆ ತಳಿಯ ಹೆಸರು ಮತ್ತು ವರ್ಷ ಬರೆದು ತಂಪಾದ ಕತ್ತಲ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಮೊಳೆಯುವ ಶಕ್ತಿ ಉಳಿಯುತ್ತದೆ. ಬಿತ್ತುವ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಬೇಕು. ಆರಾದರೂ ಮೊಳೆತರೆ ಅದು ಪ್ರಮಾಣಿತ ಬೀಜದ ಕನಿಷ್ಠ ಮಟ್ಟ.

ಅಂಗಡಿಯ ಪೊಟ್ಟಣದ ಮೇಲೆ ಎಫ್1 ಅಥವಾ ಹೈಬ್ರಿಡ್ ಎಂದಿದ್ದರೆ ಈ ಶ್ರಮ ಫಲ ಕೊಡುವುದಿಲ್ಲ. ಅದು ಎರಡು ಬೇರೆ ತಳಿಗಳನ್ನು ಬೇಕೆಂದೇ ಬೆರೆಸಿ ಮಾಡಿದ ಮೊದಲ ತಲೆಮಾರಿನ ಬೀಜ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತಮುತ್ತ ಸಾವಿರಾರು ಕೈಗಳು ಹೂವಿನಿಂದ ಹೂವಿಗೆ ಪರಾಗ ಹಚ್ಚಿ ತರಕಾರಿಗಳ ಇಂಥ ಬೀಜವನ್ನೇ ತಯಾರಿಸುತ್ತವೆ. ಅದರ ಕಾಯಿಯಿಂದ ತೆಗೆದ ಬೀಜ ಬಿತ್ತಿದರೆ ಅಜ್ಜ, ಅಜ್ಜಿಯರ ಗುಣಗಳೆಲ್ಲ ಒಡೆದು ಬಳ್ಳಿಗೊಂದು ಬಗೆಯ ಕಾಯಿ ಬರುತ್ತದೆ. ಬೀಜ ಇಟ್ಟುಕೊಳ್ಳಬೇಕಾದವರು ನಾಟಿ ತಳಿಯನ್ನೋ ಅರ್ಕಾ ಚಂದನ್‌ನಂಥ ಸುಧಾರಿತ ತಳಿಯನ್ನೋ ಹುಡುಕಬೇಕು. ಶಿರಸಿಯಲ್ಲಿ 2001ರಲ್ಲಿ ಶುರುವಾದ ವನಸ್ತ್ರೀ ಬಳಗದ ಮಹಿಳೆಯರು ಮಲೆನಾಡಿನ ಹಿತ್ತಲ ಬೀಜಗಳನ್ನು ಉಳಿಸಿ ಹಂಚುತ್ತ ಬಂದಿದ್ದಾರೆ. ಸಹಜ ಸಮೃದ್ಧ ಸಂಸ್ಥೆ ನಡೆಸುವ ಬೀಜಮೇಳಗಳಲ್ಲೂ ನಾಟಿ ಬೀಜಗಳು ಸಿಗುತ್ತವೆ.

ಬೀಜ ಇಟ್ಟುಕೊಳ್ಳುವುದಕ್ಕೆ ಕಾನೂನಿನ ಬೆಂಬಲವೂ ಇದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಸೆಕ್ಷನ್ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ ಅಷ್ಟೆ. ಮನೆಯಲ್ಲಿ ತಲೆತಲಾಂತರದಿಂದ ಬಂದ ಒಂದು ಸೌತೆಯೋ ಕುಂಬಳವೋ ಇನ್ನೂ ಉಳಿದಿದ್ದರೆ, ಈ ಹಂಗಾಮಿನಲ್ಲೇ ಅದರ ನಾಲ್ಕು ಹೂಗಳನ್ನು ಕಟ್ಟಿ ಶುದ್ಧ ಬೀಜ ಮಾಡಿಕೊಳ್ಳಿ, ಅರ್ಧವನ್ನು ಇನ್ನೊಂದು ಮನೆಗೆ ಕೊಟ್ಟಿಡಿ. ಒಂದು ವರ್ಷ ಒಂದು ಮನೆಯಲ್ಲಿ ಬೆಳೆ ಕೆಟ್ಟರೆ ಬೀಜ ಮತ್ತೊಂದು ಮನೆಯಲ್ಲಿರುತ್ತದೆ.